ಹಿತ್ತಿಲ ಈಜುಕೊಳಕ್ಕೆ ನೆಲ ಹದಗೊಳಿಸುವ ಬಗೆ: ಪುಣೆಯ ಎರೆಮಣ್ಣಿನ ಅನುಭವದಿಂದ

ಮಾರ್ಚ್ ತಿಂಗಳು ಬಂತೆಂದರೆ ಪುಣೆಯ ಸುತ್ತಮುತ್ತಲ ಬಂಗಲೆಗಳ ಹಿತ್ತಿಲಲ್ಲಿ ನೆಲದ ಮೇಲೆಯೇ ನಿಲ್ಲಿಸುವ ಈಜುಕೊಳಗಳು ಕಾಣತೊಡಗುತ್ತವೆ. ಉಕ್ಕಿನ ಕಾಲುಗಳ ಚೌಕಟ್ಟಿಗೆ ದಪ್ಪ ಪಿವಿಸಿ ಹಾಳೆಯನ್ನು ತೊಟ್ಟಿಯಂತೆ ತೂಗುಬಿಟ್ಟು ನೀರು ತುಂಬಿಸುವ ಇಂಥ ಕೊಳವನ್ನು ಇಬ್ಬರು ಸೇರಿದರೆ ಒಂದು ಗಂಟೆಯಲ್ಲಿ ಜೋಡಿಸಬಹುದು ಎಂಬುದು ನಿಜವೇ. ಆದರೆ ಅದರ ಕೈಪಿಡಿಯಲ್ಲಿ ‘ಗಟ್ಟಿಯಾದ ಸಮತಟ್ಟು ನೆಲದ ಮೇಲೆ ಇರಿಸಿ’ ಎಂಬ ಒಂದು ಸಾಲು ಇರುತ್ತದೆ. ಆ ಸಾಲನ್ನು ಪಾಲಿಸಲು ನನಗೆ ಆರು ದಿನ ಬೇಕಾಯಿತು. ಪಾಲಿಸದೆ ಮಾಡಿದ ಮೊದಲ ಪ್ರಯತ್ನಕ್ಕೆ ಒಂದೇ ದಿನ ಸಾಕಾಗಿತ್ತು.

ಆ ಮೊದಲ ಪ್ರಯತ್ನ ನಡೆದದ್ದು ತಳೇಗಾಂವ್ ಕಡೆ ಇರುವ ನಮ್ಮ ಭಾವನವರ ಹಿತ್ತಿಲಲ್ಲಿ, ಮೇ ತಿಂಗಳಿನಲ್ಲಿ. ಗುದ್ದಲಿ ಹಾಕಿದರೆ ಠಣ್ಣೆನ್ನುವಷ್ಟು ನೆಲ ಗಟ್ಟಿಯಾಗಿತ್ತು. ಕೆಲಸಕ್ಕೆ ಬಂದ ಮುಕಾದಮನು ಏರು ಕಡೆಯ ಮಣ್ಣನ್ನು ಕೆತ್ತಿ ತಗ್ಗಿನ ಕಡೆಗೆ ಸುರಿದು, ಮೇಲೆ ನಾಲ್ಕು ಪೆಟ್ಟು ಹಾಕಿ, ಸಂಜೆಯೊಳಗೆ ನೆಲವನ್ನು ಕನ್ನಡಿಯಂತೆ ಮಾಡಿಕೊಟ್ಟನು. ಹತ್ತನೆಯ ದಿನಕ್ಕೆ, ಮಕ್ಕಳು ಹಾರಿ ಚೆಲ್ಲಿದ ನೀರು ಇಂಗಿ, ಸುರಿದ ಮಣ್ಣಿನ ಕಡೆ ಆರು ಸೆಂಟಿಮೀಟರ್ ಕುಸಿಯಿತು. ಎರಡು ಕಾಲುಗಳು ಹೊರಕ್ಕೆ ಬಾಗಿದವು. ರಾತ್ರಿಯೇ ನೀರನ್ನೆಲ್ಲ ಖಾಲಿ ಮಾಡಬೇಕಾಯಿತು. ಮುಂದಿನ ಚಳಿಗಾಲದಲ್ಲಿ ಮತ್ತೆ ಕೆಲಸ ಹಿಡಿದಾಗ, ವಿಜಯಪುರದ ಕಡೆಯಿಂದ ಬಂದು ಪುಣೆಯಲ್ಲಿ ಮಣ್ಣುಕೆಲಸ ಮಾಡಿಕೊಂಡಿರುವ ಹಿರಿಯ ಹೆಂಗಸೊಬ್ಬರು ನೆಲ ನೋಡಿದ ಕೂಡಲೇ, “ಅಣ್ಣಾರ, ತಗ್ಗಿಗೆ ಮಣ್ಣ ಹಾಕಬ್ಯಾಡ್ರಿ, ಉಬ್ಬ ಕಡೀರಿ” ಎಂದರು. ಇಡೀ ಕೆಲಸದ ಮೂಲಸೂತ್ರ ಇದೇ.

ಭಾರದ ಲೆಕ್ಕ

12 ಅಡಿ ವ್ಯಾಸದ, 30 ಇಂಚು ಎತ್ತರದ ಕೊಳವನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಅದರಲ್ಲಿ 65 ಸೆಂಟಿಮೀಟರ್ ನೀರು ನಿಂತರೆ ಸುಮಾರು 6,800 ಲೀಟರ್, ಅಂದರೆ ಹೆಚ್ಚುಕಡಿಮೆ ಏಳು ಟನ್ ಆಯಿತು. ಸಂಖ್ಯೆ ಕೇಳಿ ಗಾಬರಿಯಾಗುತ್ತದೆಯಾದರೂ ಅದು ಹರಡಿಕೊಂಡಿರುವುದರಿಂದ ಚದರ ಮೀಟರಿಗೆ ಬೀಳುವುದು 650 ಕಿಲೋ ಮಾತ್ರ. ಎಪ್ಪತ್ತು ಕಿಲೋ ತೂಕದ ಮನುಷ್ಯ ಒಂದು ಕಾಲೂರಿ ನಿಂತಾಗ ಪಾದದಡಿಯ ಒತ್ತಡವು ಚದರ ಮೀಟರಿನ ಲೆಕ್ಕದಲ್ಲಿ ಮೂರು ಟನ್ನಿಗೂ ಹೆಚ್ಚು. ಹಾಗಾಗಿ ನೆಲ ಭಾರ ತಡೆಯುತ್ತದೆಯೇ ಎಂಬುದು ದೊಡ್ಡ ಪ್ರಶ್ನೆಯಲ್ಲ. ತಿಂಗಳುಗಟ್ಟಲೆ ನಿಲ್ಲುವ ಭಾರಕ್ಕೆ, ಆಗಾಗ ನೀರು ಕುಡಿಯುತ್ತಾ, ಎಲ್ಲ ಕಡೆಯೂ ಒಂದೇ ರೀತಿ ಇಳಿಯುತ್ತದೆಯೇ ಎಂಬುದು ಪ್ರಶ್ನೆ.

ಒಂದು ಕಡೆ ಹೆಚ್ಚು ಇಳಿದರೆ ಏನಾಗುತ್ತದೆ ಎಂಬುದಕ್ಕೂ ಲೆಕ್ಕವಿದೆ. ನೀರು ಗೋಡೆಯನ್ನು ಹೊರಕ್ಕೆ ತಳ್ಳುವ ಬಲ ಆಳದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಒಂದು ಅಂಚಿನಲ್ಲಿ 60 ಸೆಂಟಿಮೀಟರ್, ಎದುರು ಅಂಚಿನಲ್ಲಿ 70 ಸೆಂಟಿಮೀಟರ್ ನೀರು ನಿಂತಿತೆಂದರೆ ತಗ್ಗಿನ ಕಡೆಯ ಗೋಡೆಯ ಮೇಲೆ ಬೀಳುವ ತಳ್ಳು ಆಚೆ ಕಡೆಗಿಂತ ಮೂರನೆಯ ಒಂದು ಪಾಲಿಗಿಂತಲೂ ಹೆಚ್ಚಾಗುತ್ತದೆ. ಇಡೀ ಕೊಳದ ಅಗಲದಲ್ಲಿ ಒಂದು ಇಂಚಿನವರೆಗೆ, ಅಂದರೆ 25 ಮಿಲಿಮೀಟರಿನವರೆಗೆ, ವ್ಯತ್ಯಾಸವನ್ನು ಸಹಿಸಬಹುದು. ನಾವು ಗುರಿ ಇಟ್ಟುಕೊಳ್ಳಬೇಕಾದದ್ದು ಅದರ ಅರ್ಧಕ್ಕೆ.

ಫ್ಲ್ಯಾಟುಗಳಲ್ಲಿರುವ ಮುಂಬಯಿಯ ಬಂಧುಗಳು ತಾರಸಿಯ ಮೇಲೆ ಇಡಬಹುದೇ ಎಂದು ಕೇಳುತ್ತಾರೆ. ಕಟ್ಟಡಗಳ ಮೇಲಿನ ಭಾರದ ಬಗೆಗಿನ ಭಾರತೀಯ ಮಾನಕ ಐಎಸ್ 875ರ ಎರಡನೆಯ ಭಾಗದಲ್ಲಿ, ಜನ ಓಡಾಡುವ ತಾರಸಿಗೆ ಹಿಡಿದಿರುವ ಭಾರ ಚದರ ಮೀಟರಿಗೆ 1.5 ಕಿಲೋನ್ಯೂಟನ್, ಸುಮಾರು 150 ಕಿಲೋ. ನಮ್ಮ ಕೊಳದ್ದು ಅದರ ನಾಲ್ಕು ಪಟ್ಟಿಗೂ ಮೀರಿದ್ದು. ಕಟ್ಟಡದ ವಿನ್ಯಾಸ ಮಾಡಿದ ಎಂಜಿನಿಯರು ಬರೆದುಕೊಟ್ಟ ಹೊರತು ತಾರಸಿಯ ಮಾತನ್ನು ಎತ್ತಲೇಬಾರದು.

ಜಾಗ ಮತ್ತು ಕಾಲ

ಜಾಗದ ಆಯ್ಕೆಯನ್ನು ಬೇಗ ಹೇಳಿ ಮುಗಿಸುತ್ತೇನೆ. ನೆಲದಡಿಯ ನೀರಿನ ಸಂಪು, ಸೆಪ್ಟಿಕ್ ಟ್ಯಾಂಕ್, ಒಳಚರಂಡಿಯ ಕೊಳವೆ, ವಿದ್ಯುತ್ ಕೇಬಲ್ ಇವುಗಳ ಮೇಲೆ ಬೇಡ. ತಂತಿಗಳ ಕೆಳಗೂ ಬೇಡ. ಮನೆಯ ಪಾಯದಿಂದ ಕನಿಷ್ಠ ಎರಡು ಮೀಟರ್ ದೂರವಿರಲಿ. ಹಳೆಯ ಬಾವಿ ಅಥವಾ ಗುಂಡಿ ಮುಚ್ಚಿದ ಜಾಗವಾಗಿದ್ದರೆ ಅದು ವರ್ಷಗಟ್ಟಲೆ ಕುಸಿಯುತ್ತಲೇ ಇರುತ್ತದೆ, ಆದ್ದರಿಂದ ಮನೆಯ ಹಿಂದಿನ ಮಾಲೀಕರನ್ನು ಒಮ್ಮೆ ಕೇಳಿ ತಿಳಿದುಕೊಳ್ಳುವುದು ಒಳ್ಳೆಯದು. ಮರದ ಬುಡವನ್ನು ಬಿಟ್ಟು ದೂರ ಸರಿಯಬೇಕು, ಏಕೆಂದರೆ ಬೇರುಗಳು ಬೇಸಿಗೆಯಲ್ಲಿ ತಮ್ಮ ಸುತ್ತಲಿನ ತೇವವನ್ನೆಲ್ಲ ಹೀರಿ ಆ ಕಡೆಯ ಮಣ್ಣನ್ನು ಕುಗ್ಗಿಸುತ್ತವೆ.

ಕಾಲದ ವಿಚಾರದಲ್ಲಿ ಮಾತ್ರ ಸ್ವಲ್ಪ ನಿಲ್ಲಬೇಕು. ದಖ್ಖನ್ನಿನ ಬಸಾಲ್ಟ್ ಶಿಲೆ ಶಿಥಿಲಗೊಂಡು ಆದ ಎರೆಮಣ್ಣು, ಪುಣೆಯವರು ‘ಕಾಳಿ ಮಾತಿ’ ಎನ್ನುವುದು, ನೀರು ಕುಡಿದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗಿ ಬಿರುಕು ಬಿಡುತ್ತದೆ. ಅದರಲ್ಲಿರುವ ಮಾಂಟ್‌ಮೊರಿಲೊನೈಟ್ ಎಂಬ ಜೇಡಿಯ ಪದರಗಳ ನಡುವೆ ನೀರು ನುಗ್ಗಿ ಅವುಗಳನ್ನು ದೂರ ತಳ್ಳುವುದೇ ಇದಕ್ಕೆ ಕಾರಣ. ಬೇಸಿಗೆಯಲ್ಲಿ ಈ ನೆಲ ತೋರುವ ಗಟ್ಟಿತನ ಮೋಸದ್ದು. ವಿಜಯಪುರ, ಬಾಗಲಕೋಟೆ, ಕಲಬುರಗಿಯ ಎರೆಹೊಲಗಳನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೇ ತಿಂಗಳಿನಲ್ಲಿ ಬಿರುಕುಬಿಟ್ಟ ನೆಲವನ್ನು ಮಟ್ಟ ಮಾಡಿದರೆ, ಮೊದಲು ಚೆಲ್ಲಿದ ನೀರಿಗೇ ಆ ಮಟ್ಟ ಕೆಡುತ್ತದೆ. ಮಳೆಗಾಲ ಮುಗಿದು ನೆಲದಲ್ಲಿ ಹದವಾದ ತೇವ ಉಳಿದಿರುವ ನವೆಂಬರಿನಿಂದ ಜನವರಿಯವರೆಗಿನ ಅವಧಿ ಈ ಕೆಲಸಕ್ಕೆ ಪ್ರಶಸ್ತ.

ನಿಮ್ಮದು ಯಾವ ಮಣ್ಣು ಎಂದು ತಿಳಿಯಲು ಎರಡಡಿ ಆಳದ ಸಣ್ಣ ಗುಂಡಿ ತೆಗೆಯಿರಿ. ಪುಣೆಯ ಗುಡ್ಡಗಳ ಇಳಿಜಾರಿನಲ್ಲಿ ಎರೆಮಣ್ಣು ಗೇಣುದ್ದ ಮಾತ್ರ ಇದ್ದು ಕೆಳಗೆ ಗರಸು, ಅಂದರೆ ಹರಳು ಬೆರೆತ ಗಟ್ಟಿ ಮಣ್ಣು, ಸಿಗುವುದುಂಟು. ಹಳ್ಳದ ಬದಿಯಲ್ಲಾದರೆ ಆಳಕ್ಕೂ ಎರೆಯೇ ಇರುತ್ತದೆ. ಅನುಮಾನವಿದ್ದರೆ ಪ್ರಯೋಗಾಲಯದವರು ಮಾಡುವ ಪರೀಕ್ಷೆಯೊಂದನ್ನು ಮನೆಯಲ್ಲೇ ಸ್ಥೂಲವಾಗಿ ಮಾಡಬಹುದು. ಮಣ್ಣನ್ನು ಚೆನ್ನಾಗಿ ಒಣಗಿಸಿ, ಪುಡಿ ಮಾಡಿ, ಚಹಾ ಜಾಲರಿಯಲ್ಲಿ ಸೋಸಿ, ಒಂದೇ ಅಳತೆಯ ಎರಡು ಗಾಜಿನ ಲೋಟಗಳಲ್ಲಿ ಎರಡೆರಡು ಚಮಚ ಹಾಕಿರಿ. ಒಂದಕ್ಕೆ ನೀರು, ಇನ್ನೊಂದಕ್ಕೆ ಸೀಮೆಎಣ್ಣೆ ತುಂಬಿ, ಗಾಳಿಗುಳ್ಳೆ ಹೋಗುವಂತೆ ಕಲಕಿ, 24 ಗಂಟೆ ಬಿಡಿ. ಸೀಮೆಎಣ್ಣೆಯಲ್ಲಿ ಮಣ್ಣು ಉಬ್ಬುವುದಿಲ್ಲ. ನೀರಿನ ಲೋಟದ ಮಣ್ಣು ಅದರ ಒಂದೂವರೆ ಪಟ್ಟಿಗಿಂತ ಎತ್ತರಕ್ಕೆ ನಿಂತಿದ್ದರೆ ಅದನ್ನು ತೆಗೆದುಹಾಕಿ ಗರಸು ತುಂಬಿಸುವುದೇ ಕ್ಷೇಮ. (ಈಗ ಪರೀಕ್ಷೆಗಿಂತ ಸೀಮೆಎಣ್ಣೆ ಹುಡುಕುವುದೇ ಕಷ್ಟವೆಂಬುದು ಬೇರೆ ಮಾತು.)

ಗೆರೆ ಹಾಕುವುದು, ಮಟ್ಟ ನೋಡುವುದು

ಕೊಳದ ನಡುಮಧ್ಯ ಬರುವಲ್ಲಿ ಗೂಟ ಹೊಡೆದು, ಹಗ್ಗ ಕಟ್ಟಿ, ಸುಣ್ಣದ ಪುಡಿಯಿಂದ ವೃತ್ತ ಹಾಕಬೇಕು. ಕೊಳದ ಅಂಚಿನಿಂದ ಆಚೆಗೆ ಎರಡಡಿ ನೆಲವನ್ನೂ ಹದಗೊಳಿಸಬೇಕಾದ್ದರಿಂದ 12 ಅಡಿಯ ಕೊಳಕ್ಕೆ ಹಗ್ಗದ ಉದ್ದ 8 ಅಡಿ ಇರಲಿ. ಅಂಚಿನಲ್ಲೇ ಕಾಲುಗಳು ಊರುವುದರಿಂದಲೂ, ನೀರು ಚೆಲ್ಲುವುದು ಅಲ್ಲೇ ಆದ್ದರಿಂದಲೂ ಈ ಎರಡಡಿಯಲ್ಲಿ ಜಿಪುಣತನ ಮಾಡಬಾರದು.

ನಂತರ ಹುಲ್ಲನ್ನು ಬೇರುಸಹಿತ ಕಿತ್ತು ಹಾಕಬೇಕು. ಹುಲ್ಲಿನ ಮೇಲೆ ಮರಳು ಹರಡಿದರೆ ಅದು ಕೊಳೆತು ಅಲ್ಲಲ್ಲಿ ಕುಳಿ ಬೀಳುತ್ತದೆ. ಗರಿಕೆ ಹಟಮಾರಿಯಾದರೂ ಬಗ್ಗುತ್ತದೆ. ಜೇಕು, ಅಂದರೆ ಕೊನ್ನಾರಿ ಗಡ್ಡೆಯದೇ ತೊಂದರೆ. ಸೂಜಿಯಂಥ ಅದರ ಮೊಳಕೆ ಕೊಳದ ಪಿವಿಸಿ ಹಾಳೆಯನ್ನೂ ತೂರಿ ಬರಬಲ್ಲದು. ಮೇಲ್ಮಣ್ಣನ್ನು ತೆಗೆದ ಮೇಲೆ ನೀರು ಚಿಮುಕಿಸಿ ಎರಡು ವಾರ ಬಿಟ್ಟು, ಮತ್ತೆ ಚಿಗುರಿದ್ದನ್ನು ಗಡ್ಡೆಸಹಿತ ಅಗೆದು ತೆಗೆಯುವುದಕ್ಕಿಂತ ಒಳ್ಳೆಯ ಉಪಾಯ ನನಗೆ ಕಂಡಿಲ್ಲ. ಎಣ್ಣೆಯಂಶವಿರುವ ಕಳೆನಾಶಕಗಳು ಪಿವಿಸಿಯನ್ನು ಕೆಡಿಸುವುದರಿಂದ ಅವುಗಳ ತಂಟೆಗೆ ಹೋಗಬಾರದು.

ಈಗ ಮಟ್ಟ ನೋಡಬೇಕು. ಇದಕ್ಕೆ ಲೇಸರ್ ಯಂತ್ರ ಬೇಕಾಗಿಲ್ಲ. ಗೌಂಡಿಗಳ ಬಳಿ ಇರುವ ಪಾರದರ್ಶಕ ಲೆವೆಲ್ ಪೈಪು ಸಾಕು. ನೀರು ತುಂಬಿಸಿದ ಮೇಲೆ ಪೈಪಿನೊಳಗೆ ಒಂದೇ ಒಂದು ಗಾಳಿಗುಳ್ಳೆಯೂ ಉಳಿಯಬಾರದು, ಅಳೆಯುವಾಗ ಎರಡೂ ಬಾಯಿ ತೆರೆದಿರಬೇಕು. ಸುಣ್ಣದ ಗೆರೆಯ ಮೇಲೆ ಎಂಟು ದಿಕ್ಕಿಗೆ ಎಂಟು ಗೂಟ, ಅವಕ್ಕೂ ನಡುಗೂಟಕ್ಕೂ ಮಧ್ಯೆ ಇನ್ನೆಂಟು ಗೂಟ ಹೊಡೆಯಿರಿ. ಪೈಪಿನ ಒಂದು ತುದಿಯನ್ನು ನಡುಗೂಟಕ್ಕೂ ಇನ್ನೊಂದನ್ನು ಸರದಿಯಂತೆ ಉಳಿದ ಗೂಟಗಳಿಗೂ ಹಿಡಿದು, ಎಲ್ಲದರ ಮೇಲೂ ಒಂದೇ ಮಟ್ಟದ ಗೆರೆ ಎಳೆಯಿರಿ. ಆ ಗೆರೆಯಿಂದ ಕೆಳಗೆ ನೆಲದವರೆಗೆ ಎಷ್ಟು ಎಂದು ಪಟ್ಟಿಯಲ್ಲಿ ಅಳೆದು ಬರೆದುಕೊಳ್ಳಿ. ಅಳತೆ ಹೆಚ್ಚು ಬಂದಲ್ಲಿ ನೆಲ ತಗ್ಗು, ಕಡಿಮೆ ಬಂದಲ್ಲಿ ಉಬ್ಬು. ನಮ್ಮ ಭಾವನವರ ಹಿತ್ತಿಲು ಕಣ್ಣಿಗೆ ಪೂರ್ತಿ ಸಪಾಟಾಗಿ ಕಂಡರೂ ಎರಡು ಅಂಚಿನ ನಡುವೆ 17 ಸೆಂಟಿಮೀಟರ್ ವ್ಯತ್ಯಾಸವಿತ್ತು. ಅದೇ ಕಾಗದವನ್ನು ನಾನು ಕೊನೆಯವರೆಗೂ ಜೇಬಿನಲ್ಲಿ ಇಟ್ಟುಕೊಂಡಿದ್ದೆ.

ಕಡಿಯುವುದು, ತುಂಬುವುದು

ಎಲ್ಲಕ್ಕಿಂತ ತಗ್ಗಾದ ಬಿಂದುವನ್ನು ಹಿಡಿದು, ಉಳಿದ ನೆಲವನ್ನೆಲ್ಲ ಅದರ ಮಟ್ಟಕ್ಕೆ ಕಡಿದು ಇಳಿಸಬೇಕು. ಎಂದೂ ಕದಡದ ಮಣ್ಣು ನೂರಾರು ಮಳೆಗಾಲಗಳಲ್ಲಿ ತಾನಾಗಿಯೇ ಕುಳಿತು ಬಿಗಿದಿರುತ್ತದೆ. ಅಗೆದು ಸುರಿದ ಮಣ್ಣಿಗೆ ಆ ಬಿಗಿ ಒಂದು ದಿನದಲ್ಲಿ ಬರುವುದಿಲ್ಲ. ಕಡಿಯುವುದು ತುಂಬುವುದಕ್ಕಿಂತ ಮೂರು ಪಟ್ಟು ಬೆವರು ಬೇಡುತ್ತದೆ ಎಂಬುದರಿಂದಲೇ ಕೆಲಸದವರು ತುಂಬುವ ಕಡೆಗೆ ವಾಲುತ್ತಾರೆ.

ಕೆಳಗೆ ಗರಸು ಸಿಕ್ಕವರ ಕೆಲಸ ಇಲ್ಲಿಗೆ ಬಹುಪಾಲು ಮುಗಿಯಿತು. ಅವರು ನೇರವಾಗಿ ಮೇಲ್ಪದರಕ್ಕೆ ಹೋಗಬಹುದು. ಎರೆಮಣ್ಣಿನವರು ಮಾತ್ರ ಮಟ್ಟ ಮಾಡಿದ ಆ ತಳದಿಂದ ಇನ್ನೂ ಒಂದಡಿ ಸಮನಾಗಿ ಕೆಳಗಿಳಿದು, ಅಲ್ಲಿಂದ ಗರಸು ತುಂಬಿಕೊಂಡು ಬರಬೇಕು. ತುಂಬಬೇಡಿ ಎಂದು ಈಗಷ್ಟೇ ಹೇಳಿ ಮತ್ತೆ ತುಂಬಿ ಎನ್ನುವುದು ವಿರೋಧವಲ್ಲ. ತಳ ಮೊದಲೇ ಮಟ್ಟವಾಗಿದ್ದು ಗರಸಿನ ದಪ್ಪ ಎಲ್ಲ ಕಡೆಯೂ ಒಂದೇ ಆಗಿದ್ದರೆ, ಅದು ಇಳಿದರೂ ಎಲ್ಲ ಕಡೆ ಒಂದೇ ಸಮ ಇಳಿಯುತ್ತದೆ. ಒಂದು ಕಡೆ ಗೇಣು, ಇನ್ನೊಂದು ಕಡೆ ಏನೂ ಇಲ್ಲ ಎಂಬಂತೆ ತುಂಬಿದಾಗಲೇ ಕೊಳ ವಾಲುವುದು. ತಳಕ್ಕೆ ಜಿಯೋಟೆಕ್ಸ್‌ಟೈಲ್ ಬಟ್ಟೆ ಹಾಸಿದರೆ ಎರೆ ಮತ್ತು ಗರಸು ಒಂದರೊಳಗೊಂದು ಬೆರೆಯುವುದಿಲ್ಲ.

ಗರಸಿಗೆ ಇಲ್ಲಿ ‘ಮುರೂಮ್’ ಎನ್ನುತ್ತಾರೆ, ಮಾರುವುದು ಬ್ರಾಸ್ ಲೆಕ್ಕದಲ್ಲಿ. ಒಂದು ಬ್ರಾಸ್ ಎಂದರೆ 100 ಘನ ಅಡಿ. ನಮ್ಮ 16 ಅಡಿ ಅಗಲದ ವೃತ್ತಕ್ಕೆ ಒಂದಡಿ ದಪ್ಪ ತುಂಬಲು 200 ಘನ ಅಡಿ ಬೇಕು. ಬಡಿದಾಗ ಕುಗ್ಗುವುದನ್ನು ಸೇರಿಸಿ ಎರಡೂವರೆ ಬ್ರಾಸ್ ತರಿಸಿದರೆ ಸರಿಹೋಗುತ್ತದೆ. ಗರಸಿನ ಬದಲು ಬರಿಯ ಮರಳನ್ನೋ ಜಲ್ಲಿಯನ್ನೋ ತುಂಬಬಾರದು. ಎರೆಮಣ್ಣಿನ ಗುಂಡಿಯಲ್ಲಿ ಮರಳು ತುಂಬಿದರೆ, ಸುತ್ತಲಿನ ನೀರೆಲ್ಲ ಅಲ್ಲಿಗೆ ಇಳಿದು, ಕೊಳದಡಿಯಲ್ಲಿ ಇನ್ನೊಂದು ಕೊಳ ನಿಲ್ಲುತ್ತದೆ.

ಬಡಿಯುವ ಕ್ರಮ ಹೀಗೆ. ನಾಲ್ಕು ಇಂಚು ಸಡಿಲ ಗರಸು ಹರಡಿ, ನೀರು ಚಿಮುಕಿಸಿ, ದಮ್ಮಸ್ಸು ಹಾಕಿ, ಆ ಪದರ ಬಿಗಿದ ಮೇಲೆ ಮುಂದಿನದು. ಮರಾಠಿಯಲ್ಲಿ ಇದೇ ಸಲಕರಣೆಗೆ ‘ಧುಮ್ಮಸ್’ ಎನ್ನುವುದರಿಂದ ಭಾಷೆಯ ತೊಡಕಿಲ್ಲ. ಬಾಡಿಗೆಗೆ ಪ್ಲೇಟ್ ಕಾಂಪ್ಯಾಕ್ಟರ್ ಸಿಕ್ಕರೆ ಒಂದು ದಿನದ ಕೆಲಸ ಎರಡು ಗಂಟೆಯಲ್ಲಿ ಮುಗಿಯುತ್ತದೆ, ಆದರೆ ಯಂತ್ರವಿದೆಯೆಂದು ಇಡೀ ಒಂದಡಿಯನ್ನು ಒಮ್ಮೆಗೇ ಸುರಿದು ಮೇಲಿಂದ ಓಡಿಸಿದರೆ ಮೇಲಿನ ನಾಲ್ಕು ಬೆರಳು ಮಾತ್ರ ಬಿಗಿದು ಕೆಳಗೆಲ್ಲ ಸಡಿಲವೇ ಉಳಿಯುತ್ತದೆ. ತೇವದ ಹದ ಬಹಳ ಮುಖ್ಯ. ಮುಷ್ಟಿಯಲ್ಲಿ ಹಿಡಿದು ಅಮುಕಿದರೆ ಉಂಡೆಯಾಗಬೇಕು, ಬೆರಳ ಸಂದಿಯಲ್ಲಿ ನೀರು ಜಿನುಗಬಾರದು, ಸೊಂಟದೆತ್ತರದಿಂದ ಬಿಟ್ಟರೆ ಎರಡು ಮೂರು ತುಂಡಾಗಬೇಕು. ಪುಡಿಪುಡಿಯಾದರೆ ನೀರು ಸಾಲದು. ಚಪ್ಪಟೆಯಾಗಿ ಅಂಟಿಕೊಂಡರೆ ಹೆಚ್ಚಾಯಿತು, ಮರುದಿನದವರೆಗೆ ಕಾಯಬೇಕು. ಪ್ರತಿ ಪದರದ ಮೇಲೂ ಹಿಮ್ಮಡಿ ಊರಿ ತಿರುಗಿಸಿ ನೋಡಿ, ಗುರುತು ಮೂಡದಿದ್ದರೆ ಮುಂದುವರಿಯಿರಿ. ಕೊನೆಯ ಪದರ ಸುತ್ತಲಿನ ನೆಲಕ್ಕಿಂತ ಎರಡು ಬೆರಳು ಮೇಲಿರಲಿ, ವೃತ್ತದ ಆಚೆ ಮೀಟರಿಗೆ ಎರಡು ಸೆಂಟಿಮೀಟರಿನಂತೆ ಇಳಿಜಾರು ಇರಲಿ, ಮೇಲ್ಬದಿಯಿಂದ ಹರಿದು ಬರುವ ನೀರನ್ನು ವೃತ್ತದ ಸುತ್ತ ತಿರುಗಿಸಿ ಒಯ್ಯುವ ಒಂದು ಪುಟ್ಟ ಕಾಲುವೆ ಇರಲಿ.

ಗೋವಾದಲ್ಲಿ ಇದನ್ನೇ ಮಾಡುವವರಿಗೆ ಮಣ್ಣಿನ ಚಿಂತೆ ಕಡಿಮೆ, ನೀರಿನದು ಹೆಚ್ಚು. ಅಲ್ಲಿನ ಜಂಬಿಟ್ಟಿಗೆಯ ನೆಲ ಉಬ್ಬುವುದಿಲ್ಲ. ಕಡಿಯಲು ಪಿಕಾಸಿ ಬೇಕು, ಮೇಲೆ ಏಳುವ ಚೂಪು ಹರಳುಗಳನ್ನು ಗುಡಿಸಿ ತೆಗೆಯಬೇಕು, ಅಷ್ಟೆ. ಆದರೆ ಪುಣೆ ನಗರದ ಸುಮಾರು ನಾಲ್ಕು ಪಟ್ಟು ಮಳೆ ಸುರಿಯುವ ಆ ಕರಾವಳಿಯಲ್ಲಿ ಮೇಲ್ಪದರದ ಮರಳು ಒಂದೇ ಜಡಿಮಳೆಗೆ ಕೊಚ್ಚಿಹೋಗುವುದರಿಂದ ಸುತ್ತಲೂ ಕೆಂಪುಕಲ್ಲಿನ ಒಂದು ಸಾಲು ಕಟ್ಟಿಕೊಳ್ಳಬೇಕು. ಗದ್ದೆಗೆ ಮಣ್ಣು ಹೊಡೆದು ಮಾಡಿದ ನಿವೇಶನವಾದರೆ ಆಸೆಯನ್ನು ಒಂದೆರಡು ಮಳೆಗಾಲ ಮುಂದೂಡುವುದೇ ಲೇಸು.

ಮೇಲ್ಪದರ

ಗರಸಿನ ಮೇಲೆ ಒಂದೂವರೆ ಇಂಚು ಕ್ರಶ್ ಸ್ಯಾಂಡ್ ಹಾಸಬೇಕು. ನದಿಯ ಮರಳಿನ ಗುಂಡು ಕಣಗಳು ಜಾರುತ್ತವೆ. ಬಂಡೆ ಪುಡಿ ಮಾಡಿ ತೆಗೆದ ಇದರ ಕೋನದ ಕಣಗಳು ಒಂದಕ್ಕೊಂದು ಕಚ್ಚಿಕೊಂಡು ನಿಲ್ಲುತ್ತವೆ. ಪದರ ಇದಕ್ಕಿಂತ ದಪ್ಪವಾಗುವುದು ಬೇಡ, ಇರುವೆಗಳು ಅದರೊಳಗೆ ಊರು ಕಟ್ಟುತ್ತವೆ.

ಇದನ್ನು ಮಟ್ಟ ಮಾಡಲು ನಡುಗೂಟದ ತಲೆಯನ್ನು ಬೇಕಾದ ಎತ್ತರಕ್ಕೆ ಇಳಿಸಿ, ಅದಕ್ಕೆ ಮೊಳೆ ಹೊಡೆದು, ಎಂಟೂವರೆ ಅಡಿಯ ನೇರವಾದ ಅಲ್ಯೂಮಿನಿಯಂ ಪಟ್ಟಿಯ ಒಂದು ತುದಿಯನ್ನು ಸಿಕ್ಕಿಸಿ, ಮೇಲೆ ರಸಮಟ್ಟ (ಸ್ಪಿರಿಟ್ ಲೆವೆಲ್) ಇಟ್ಟು, ಗಡಿಯಾರದ ಮುಳ್ಳಿನಂತೆ ನಿಧಾನವಾಗಿ ಸುತ್ತಿಸಬೇಕು. ಪಟ್ಟಿ ಉಬ್ಬನ್ನು ಕೆರೆದು ತಗ್ಗಿಗೆ ತಳ್ಳುತ್ತಾ ಹೋಗುತ್ತದೆ. ಮುಗಿದ ಮೇಲೆ ಗೂಟಗಳನ್ನು ಕಿತ್ತು, ಗುಳಿಗಳನ್ನು ಗರಸಿನಿಂದ ಬಿಗಿಯಾಗಿ ತುಂಬುವುದನ್ನು ಮರೆಯಬಾರದು. ನಡುಗೂಟ ಮರೆತ ಒಬ್ಬರನ್ನು ನಾನು ಬಲ್ಲೆ. ನೀರು ಚಿಮುಕಿಸಿ, ಹಗುರವಾಗಿ ಬಡಿದು, ಕೊನೆಗೆ ಬರಿಗಾಲಿನಲ್ಲಿ ಇಡೀ ವೃತ್ತವನ್ನು ತುಳಿದು ನೋಡಿ. ಕಣ್ಣು ತಪ್ಪಿಸಿಕೊಂಡ ಹರಳು, ಮೊಳೆ, ಗಾಜಿನ ಚೂರು ಅಂಗಾಲಿಗೆ ಸಿಗುತ್ತದೆ.

ನೀರಿನ ಭಾರ ಹರಡಿಕೊಂಡರೂ ಚೌಕಟ್ಟಿನ ಭಾರ ಕಾಲುಗಳ ತುದಿಯಲ್ಲೇ ಕೂರುವುದರಿಂದ ಪ್ರತಿ ಕಾಲಿನಡಿಗೂ ಒಂದಡಿ ಚದರದ ಫರಸಿ ಕಲ್ಲು ಇರಬೇಕು. ಪುಣೆಯ ಅಂಗಳಗಳಲ್ಲೆಲ್ಲ ಕಾಣುವ ‘ಶಹಾಬಾದಿ ಫರಶಿ’ ನಮ್ಮ ಕಲಬುರಗಿ ಜಿಲ್ಲೆಯ ಶಹಾಬಾದಿನ ಹೆಸರು ಹೊತ್ತ ಸುಣ್ಣಕಲ್ಲೇ. ಒಂದೂವರೆ ಇಂಚು ದಪ್ಪದ ಒರಟು ತುಂಡುಗಳು ಇದಕ್ಕೆ ಹೇಳಿ ಮಾಡಿಸಿದಂತಿವೆ. ಕಲ್ಲನ್ನು ಮರಳಿನ ಮೇಲೆ ಇಡುವುದಲ್ಲ, ಅದರ ಮೈ ಸುತ್ತಲಿನ ಮರಳಿನೊಂದಿಗೆ ಸಮವಾಗುವಂತೆ ಹೂಳಬೇಕು, ಮತ್ತು ಎಲ್ಲ ಕಲ್ಲುಗಳ ಮೇಲ್ಮೈಯನ್ನು ಲೆವೆಲ್ ಪೈಪಿನಿಂದ ಇನ್ನೊಮ್ಮೆ ನೋಡಬೇಕು. ಕೊಳದ ತಳಕ್ಕೆ ದಪ್ಪ ಫೋಮಿನ ಹಾಳೆ, ಅದರ ಮೇಲೆ ಕೊಳದ ಜೊತೆ ಬರುವ ನೆಲಹಾಸು. ಪ್ಲೈವುಡ್ ಹಾಸುವವರಿದ್ದಾರೆ, ಅದು ಗೆದ್ದಲಿಗೆ ಔತಣ.

ನೀರು ತುಂಬಿಸುವಾಗ

ಟ್ಯಾಂಕರಿನ ದಪ್ಪ ಪೈಪನ್ನು ನೇರವಾಗಿ ಕೊಳಕ್ಕೆ ಬಿಡಬೇಡಿ. ಆ ರಭಸಕ್ಕೆ ಹಾಳೆ ಸರಿಯುತ್ತದೆ, ಅದಕ್ಕಿಂತ ಮುಖ್ಯವಾಗಿ ಪರೀಕ್ಷಿಸಲು ನಿಮಗೆ ಸಮಯ ಸಿಗುವುದಿಲ್ಲ. ಸಂಪಿಗೆ ಇಳಿಸಿಕೊಂಡು ತೋಟದ ಪೈಪಿನಿಂದ ತುಂಬಿಸಿ. ಮೊದಲ ಒಂದು ಇಂಚು ನೀರು ನಿಂತಾಗ ಸುಕ್ಕುಗಳನ್ನು ಹೊರಕ್ಕೆ ಎಳೆದು, ನೀರು ಎಲ್ಲ ಕಡೆಯೂ ಒಂದೇ ಹೊತ್ತಿಗೆ ಹರಡಿತೇ ಎಂದು ನೋಡಿ. ನಾಲ್ಕನೆಯ ಒಂದು ಪಾಲು ತುಂಬಿದಾಗ ನಿಲ್ಲಿಸಿ, ನೀರಿನ ಮೇಲ್ಮೈಯಿಂದ ಅಂಚಿನ ಕೊಳವೆಯವರೆಗಿನ ಅಂತರವನ್ನು ಎಂಟು ಕಡೆ ಅಳೆಯಿರಿ. ಅಲ್ಲಿ ಒಂದು ಇಂಚಿಗಿಂತ ಹೆಚ್ಚು ವ್ಯತ್ಯಾಸ ಕಂಡರೆ ಖಾಲಿ ಮಾಡುವುದೊಂದೇ ದಾರಿ. ಆ ಕ್ಷಣದಲ್ಲಿ ಹೋಗುವುದು 1,700 ಲೀಟರಿನಷ್ಟು ನೀರು, ಗಿಡಗಳಿಗೆ ಬಿಡಬಹುದು. ತಗ್ಗಿನ ಕಡೆಯ ಕಾಲಿನಡಿಗೆ ಚಪ್ಪಡಿ ತೂರಿಸಿ ಸರಿಪಡಿಸುತ್ತೇನೆ ಎಂಬ ಉಪಾಯ ಅಂಚನ್ನು ಎತ್ತುತ್ತದೆಯೇ ಹೊರತು ತಳವನ್ನಲ್ಲ. ಪೂರ್ತಿ ತುಂಬಿದ 24 ಗಂಟೆಯ ನಂತರ ಮತ್ತು ಒಂದು ವಾರದ ನಂತರ ಇದೇ ಅಳತೆಗಳನ್ನು ಮತ್ತೆ ತೆಗೆದುಕೊಳ್ಳಿ.

ಕಾಂಪೌಂಡ್ ಗೋಡೆಯ ಪಾಯದ ಮೇಲೆ ಎಲ್ಲಾದರೂ ಒಂದು ಮೊಳೆ ಹೊಡೆದು, ಹದಗೊಳಿಸಿದ ನೆಲದ ಎಂಟು ಬಿಂದುಗಳು ಅದರಿಂದ ಎಷ್ಟು ಕೆಳಗಿವೆ ಎಂದು ಬರೆದಿಡಿ. ಜೂನಿನಲ್ಲಿ ಕೊಳ ಮಡಚಿಟ್ಟು, ಮಳೆಗಾಲ ಕಳೆದ ಮೇಲೆ ಅದೇ ಮೊಳೆಯಿಂದ ಅಳೆದರೆ ಯಾವ ಕಡೆ ನೆಲ ಏರಿದೆ, ಯಾವ ಕಡೆ ಇಳಿದಿದೆ ಎಂಬುದು ತಿಳಿಯುತ್ತದೆ. ಭಾವನವರ ಹಿತ್ತಿಲಲ್ಲಿ ಕಳೆದ ಸಲ, ಅವರು ದಿನವೂ ಮಲ್ಲಿಗೆ ಬಳ್ಳಿಗೆ ನೀರು ಬಿಡುವ ಕಡೆ 8 ಮಿಲಿಮೀಟರ್ ಏರಿತ್ತು. ಕ್ರಶ್ ಸ್ಯಾಂಡನ್ನು ಅಷ್ಟು ಕೆರೆದು ತೆಗೆಯಲು ಅರ್ಧ ಗಂಟೆ ಹಿಡಿಯಿತು.